ಕೌದಿಯ ಹೊಟ್ಟೆ

ಏಳು ಕಡಲಿನ ಆಚೆ, ಭೂಮಿ ಇಲ್ಲಿಗೆ ಮುಗಿಯಿತು ಅನ್ನುವ ಜಾಗದಲ್ಲಿ, ಒಬ್ಬ ರಾಜ ಇದ್ದ. ಅವನ ರಾಜ್ಯದಲ್ಲಿ ಜನರಿಗಿಂತ ಕುರಿಗಳು ಜಾಸ್ತಿ. ಹೂಂ ಅನ್ನಿ. ಕೇಳುವವರು ಹೂಂ ಅನ್ನದಿದ್ದರೆ ಕಥೆ ಅಲ್ಲೇ ನಿಲ್ಲುತ್ತದೆ. ಇದು ಮುಳಗುಂದದ ಇಮಾಂಬಿ ಆಯಿಯ ಕಟ್ಟಳೆ. ಈ ಕಟ್ಟಳೆಯನ್ನು ನಂಬಿಯೇ ಅವಳ ಮೊಮ್ಮಗ ಜೈಲಿಗೆ ಹೋದ. ಅದೂ ಬರುತ್ತದೆ, ತಡೆಯಿರಿ.

ಆ ರಾಜನಿಗೆ ಹುಲಿಯ ಭಯ ಇರಲಿಲ್ಲ, ಹಾವಿನ ಭಯ ಇರಲಿಲ್ಲ. ಅವನ ನಾಡಿನಲ್ಲಿ ಅವೆರಡೂ ಇಲ್ಲ. ಆದರೆ ಯಾವುದಕ್ಕೂ ಹೆದರದಿದ್ದರೆ ರಾಜನಿಗೆ ಕೆಲಸವೇನು? ಅವನು ಬೀಜಕ್ಕೆ ಹೆದರಲು ಕಲಿತ. ಹೊರಗಿನ ಒಂದು ಕಾಳು ಒಳಗೆ ಬಿದ್ದರೆ ರಾಜ್ಯ ಹಾಳಾಯಿತು ಅಂದ. ಬಾಗಿಲಲ್ಲಿ ನಾಯಿ ನಿಲ್ಲಿಸಿದ. ಆಮೇಲೆ ಯಾವುದೋ ದೊಡ್ಡ ರಾಜನ ಎರಡು ಗೋಪುರ ಉರುಳಿದವು. ಉರುಳಿದ್ದು ಅಲ್ಲಿ, ನಡುಗಿದ್ದು ಇವನು. ಅಂದಿನಿಂದ ಗಡ್ಡಕ್ಕೂ ಹೆದರತೊಡಗಿದ. ಬೀಜ ಒಂದು ವಿಮಾನದಲ್ಲಿ, ಗಡ್ಡ ಇನ್ನೊಂದು ವಿಮಾನದಲ್ಲಿ ಬರುತ್ತಿದ್ದಷ್ಟು ದಿನ ಹೇಗೋ ನಡೆಯಿತು. ಎರಡು ಸಾವಿರದ ಮೂರನೇ ಇಸವಿಯ ಮಾರ್ಚ್ ತಿಂಗಳಲ್ಲಿ ಎರಡೂ ಒಂದೇ ವಿಮಾನದಲ್ಲಿ ಆಕ್ಲೆಂಡಿಗೆ ಬಂದಿಳಿದವು.

ಗಡ್ಡ ಮೌಲಾಸಾಬ ನದಾಫನದು. ಇಪ್ಪತ್ಮೂರು ವರ್ಷದ ಹುಡುಗ. ಆಕ್ಲೆಂಡಿನಲ್ಲೇ ಎರಡು ವರ್ಷದಿಂದ ಇದ್ದ. ಬೆಳಗ್ಗೆ ಕಂಪ್ಯೂಟರ್ ಡಿಪ್ಲೊಮಾ, ಮಧ್ಯಾಹ್ನದ ಮೇಲೆ ಬೇಕರಿಯಲ್ಲಿ ಹಿಟ್ಟಿನ ಮೂಟೆ ಹೊರುವುದು. ರಜೆಗೆಂದು ಊರಿಗೆ ಹೋಗಿ ವಾಪಸು ಬರುತ್ತಿದ್ದ. ಬೀಜ ಅವನ ಚೀಲದೊಳಗಿನ ಕೌದಿಯಲ್ಲಿತ್ತು.

ನದಾಫರೆಂದರೆ ಪಿಂಜಾರರು. ಹತ್ತಿ ಹಿಂಜಿ ಗಾದಿ ತುಂಬುವವರು. ಊರಿನವರು ಮೆತ್ತಗೆ ಮಲಗಲಿ ಎಂದು ತಲೆತಲಾಂತರದಿಂದ ಹತ್ತಿಯ ದೂಳು ನುಂಗಿ ಕೆಮ್ಮಿದವರು. ಅವರ ಮನೆಯಲ್ಲಿ ಮಾತ್ರ ಗಾದಿ ಇರುವುದಿಲ್ಲ. ಹಳೇ ಸೀರೆ, ಹರಕು ಅಂಗಿ, ಸತ್ತವರ ಧೋತರ, ಎಲ್ಲ ಪದರ ಪದರವಾಗಿ ಒಟ್ಟಿ ಹೊಲಿದ ಕೌದಿ ಇರುತ್ತದೆ. ಇಮಾಂಬಿ ಆಯಿ ಕೌದಿ ಮುಗಿಸುವಾಗ ನಡುವೆ ಅಂಗೈಯಗಲ ಜಾಗ ಬಿಡುತ್ತಾಳೆ. ಅದು ಕೌದಿಯ ಹೊಟ್ಟೆ. ಒಂದು ಹಿಡಿ ಜೋಳ, ಒಂದು ಚೂರು ಒಣಗಿದ ಕಟಕ ರೊಟ್ಟಿ ಒಳಗಿಟ್ಟು ಮೇಲೆ ತೇಪೆ ಹಚ್ಚಿ ಹೊಲಿಯುತ್ತಾಳೆ. ಉಪವಾಸ ಬಿದ್ದ ಕೌದಿ ಹೊದ್ದವರ ನಿದ್ದೆಯನ್ನೇ ತಿನ್ನುತ್ತದಂತೆ. ಈ ಸಲದ ಕೌದಿ ಮೌಲಾನ ಅಕ್ಕ ದಾವಲಬಿಗೆ. "ಅಕ್ಕನ ಕೈಯಾಗ ಕೊಡೂತನ ಇದರ ಹೊಟ್ಟಿ ನಿನ್ನ ಜವಾಬ್ದಾರಿ" ಎಂದು ಆಯಿ ಹೇಳಿ ಕಳಿಸಿದ್ದಳು. ಮೌಲಾ ಹೂಂ ಅಂದಿದ್ದ.

ವಿಮಾನದಲ್ಲಿ ಫಾರಂ ಕೊಟ್ಟರು. ಬೀಜ, ಕಾಳು, ಆಹಾರ ಇದೆಯೇ? ಇಲ್ಲ ಎಂದು ಗುರುತು ಹಾಕಿದ. ಅವನು ಸುಳ್ಳು ಹೇಳಲಿಲ್ಲ. ನಿಮ್ಮ ಹೊಟ್ಟೆಯಲ್ಲಿರುವ ಅನ್ನವನ್ನು ನೀವು ಫಾರಮಿನಲ್ಲಿ ಬರೆಯುತ್ತೀರಾ?

ನಾಯಿ ಬಂದು ಚೀಲದ ಪಕ್ಕ ಕೂತಿತು. ಚಾಕು ಬಂತು. ಕೌದಿಯ ಹೊಟ್ಟೆ ಸೀಳಿದರು. ಕಾಳು ಉರುಳಿದವು. ಅದರ ಜೊತೆ ಬಿಳಿ ಪುಡಿ ಉದುರಿತು. ಏಳು ಸಾವಿರ ಮೈಲಿ ಚೀಲದಲ್ಲಿ ಒತ್ತಿಸಿಕೊಂಡ ರೊಟ್ಟಿ ಪುಡಿಯಾಗದೆ ಹೋಳಿಗೆಯಾಗುತ್ತದೆಯೇ? ಅವನ ಹಿಂದೆ ನಿಂತಿದ್ದ ಹೆಂಗಸಿನ ಬಳಿ ಮಾವಿನಕಾಯಿ ಉಪ್ಪಿನಕಾಯಿ ಸಿಕ್ಕಿತು. ಅವಳಿಂದ ದಂಡ ಕಟ್ಟಿಸಿಕೊಂಡು, ಶುಭದಿನ ಹಾರೈಸಿ ಕಳಿಸಿದರು. ಮೌಲಾನ ಪಾಸ್‌ಪೋರ್ಟ್ ನೋಡಿದರು. ಗಡ್ಡ ನೋಡಿದರು. ಪುಡಿ ನೋಡಿದರು. ಹಾಲ್ ಖಾಲಿ ಮಾಡಿಸಿದರು. ಬಿಳಿ ಉಡುಪು, ಬಿಳಿ ಮುಸುಕಿನ ನಾಲ್ವರು ಬಂದು ರೊಟ್ಟಿಯ ಪುಡಿಯನ್ನು ಇಕ್ಕಳದಲ್ಲಿ ಎತ್ತಿ ಡಬ್ಬಿಗೆ ಹಾಕಿಕೊಂಡರು. ಚೀಲದ ತಳದಲ್ಲಿ ಅಜ್ಜನ ಫೋಟೋ ಸಿಕ್ಕಿತು. ಆಳೆತ್ತರದ ಹಿಂಜುವ ಬಿಲ್ಲು ಹಿಡಿದು, ಹತ್ತಿಯ ರಾಶಿಯ ಮುಂದೆ ನಿಂತ ಅಜ್ಜ.

"ಇದು ಯಾವ ಆಯುಧ?" ಎಂದು ಕೇಳಿದರು.

ಹೊರಗೆ ದಾವಲಬಿ ಆರು ತಾಸು ನಿಂತಿದ್ದಳು. ಕೈಯಲ್ಲಿ ಟಿಫಿನ್ ಡಬ್ಬಿ. ತಮ್ಮನಿಗೆಂದು ಬದನೆಕಾಯಿ ಎಣ್ಣೆಗಾಯಿ ಮಾಡಿ ತಂದಿದ್ದಳು. ಅವಳೂ ಓದಲೆಂದು ಬಂದವಳೇ, ತೊಂಬತ್ತೊಂಬತ್ತರಲ್ಲಿ. ಓದು ಮುಗಿಯಿತು, ಓದಿದ ಕೆಲಸ ಸಿಗಲಿಲ್ಲ. ಈಗ ವಿಮಾನ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ರೂಮು ಮಾಡುತ್ತಾಳೆ. ಪಾಳಿಗೆ ಹದಿನಾರು ರೂಮು, ಹದಿನಾರು ಸಂಡಾಸು. ಹೆಸರು ನಾಲಗೆಗೆ ಕಷ್ಟವೆಂದು ಅಲ್ಲಿ ಅವಳನ್ನು ಡಾಲಿ ಅನ್ನುತ್ತಾರೆ.

ಒಳಗೆ ಮೌಲಾ ಕಥೆ ಹೇಳುತ್ತಿದ್ದ. ರಾಜಧಾನಿ ವೆಲಿಂಗ್ಟನ್ನಿನಿಂದ ಒಬ್ಬ ಸಾಹೇಬ ಬಂದು ಎದುರು ಕೂತಿದ್ದ. ಕೌದಿಯ ಹೊಟ್ಟೆಯಲ್ಲಿ ಯಾಕೆ ಕಾಳು ಎಂದು ಕೇಳಿದ. ಮೌಲಾ ಹೇಳಿದ. ಸಾಹೇಬ "ಮ್‌ಹೂಂ" ಅಂದ. ಮೌಲಾ ಇನ್ನಷ್ಟು ಹೇಳಿದ. ಸಾಹೇಬ ಮತ್ತೆ "ಮ್‌ಹೂಂ" ಅಂದ. ಆಯಿಯ ಮಡಿಲಲ್ಲಿ ಬೆಳೆದ ಹುಡುಗ. ಹೂಂ ಅನ್ನುವವನು ಕಥೆಯೊಳಗೆ ಬಂದಿದ್ದಾನೆ, ಕೇಳುತ್ತಿದ್ದಾನೆ, ಇನ್ನೇನು ನಂಬುತ್ತಾನೆ ಅಂತಲೇ ತಿಳಿದ. ನಾಲ್ಕು ತಾಸು ಹೇಳಿದ. ಅಜ್ಜನ ಬಿಲ್ಲು ಹೇಳಿದ. ದಾವಲಮಲೀಕನ ಉರುಸು ಹೇಳಿದ. ಆಯಿಯ ಕೌದಿಗಳು ಎಲ್ಲೆಲ್ಲಿಗೆ ಹೋಗಿವೆ ಎಂದು ಹೆಮ್ಮೆಯಿಂದ ಹೇಳಿದ: ಒಂದು ಪುಣೆಗೆ, ಒಂದು ಹೈದರಾಬಾದಿಗೆ, ಒಂದು ದಮ್ಮಾಮಿನಲ್ಲಿ ಲಾರಿ ಓಡಿಸುವ ಮಾವನಿಗೆ. ಸಾಹೇಬನ ಪಕ್ಕದಲ್ಲಿದ್ದವನು ಎಲ್ಲವನ್ನೂ ಬರೆದುಕೊಂಡ.

ಮರುದಿನ ಅದೇ ಸಾಹೇಬ ದಾವಲಬಿಯನ್ನು ಕೂರಿಸಿಕೊಂಡು ಒಂದು ನಕ್ಷೆ ತೋರಿಸಿದ. ಪುಣೆ, ಹೈದರಾಬಾದು, ದಮ್ಮಾಮು, ಆಕ್ಲೆಂಡು. ನಡುವೆ ಕೆಂಪು ಗೆರೆ. ನಟ್ಟನಡುವೆ ಮುಳಗುಂದ. ಎಂಬತ್ತು ವರ್ಷದ, ಒಂದು ಕಣ್ಣು ಕಾಣದ ಇಮಾಂಬಿ ಆಯಿ ಒಂದೇ ಏಟಿಗೆ ಮೂರು ದೇಶದ ಜಾಲದ ನಾಯಕಿಯಾಗಿದ್ದಳು.

ದಾವಲಬಿಗೆ ನಗು ಬಂತು. ನಕ್ಕಳು. "ನಕ್ಕಳು" ಎಂದೂ ಬರೆದುಕೊಂಡರು.

ಐದನೇ ದಿನ ಪ್ರಯೋಗಾಲಯದ ವರದಿ ಬಂತು. ಪುಡಿ ಜೋಳದ ರೊಟ್ಟಿಯದು. ಆಗ ಬಿಡಬೇಕಲ್ಲ? ಬಿಡಲಿಲ್ಲ. ಹಿಟ್ಟೇ ಆಗಿದ್ದರೆ ಬಚ್ಚಿಟ್ಟದ್ದು ಯಾಕೆ ಅಂದರು. ಅಷ್ಟರಲ್ಲಿ ಒಂದು ಗುಟ್ಟಿನ ಕಾಗದವೂ ಹುಟ್ಟಿತ್ತು. ಮೌಲಾ ದೇಶಕ್ಕೆ ಅಪಾಯ ಎಂದು ಅದರಲ್ಲಿದೆಯಂತೆ. ಯಾಕೆ ಅಪಾಯ ಎಂಬುದನ್ನು ಅವನಿಗೆ ಹೇಳುವಂತಿಲ್ಲ, ಅವನ ವಕೀಲಳಿಗೂ ಹೇಳುವಂತಿಲ್ಲ. ಹೇಳಿದರೆ ಅದೇ ಇನ್ನೊಂದು ಅಪಾಯ. ಆರೋಪ ಇಲ್ಲ, ವಿಚಾರಣೆ ಇಲ್ಲ. ವೀಸಾ ರದ್ದು ಮಾಡಿ, ಕಳ್ಳರು ಕೊಲೆಗಡುಕರು ಇರುವ ಜೈಲಿನಲ್ಲಿಟ್ಟರು. ಏಳು ದಿನಕ್ಕೊಮ್ಮೆ ಕೋರ್ಟಿಗೆ ತರುವುದು, ಇನ್ನೂ ಏಳು ದಿನ ಎಂದು ಮುದ್ರೆ ಒತ್ತಿಸಿಕೊಂಡು ಹೋಗುವುದು.

ಏಪ್ರಿಲ್ಲಿನಲ್ಲಿ ದಾವಲಬಿಗೆ ಭೇಟಿ ಸಿಕ್ಕಿತು. ಮೌಲಾ ಕಿತ್ತಳೆ ಬಣ್ಣದ ಅಂಗಿಯಲ್ಲಿ ಬಂದು ಕೂತ. ಗಡ್ಡ ಬೋಳಿಸಿದ್ದರು. ಕಣ್ಣು ಒಳಗೆ ಹೋಗಿದ್ದವು.

"ನಿದ್ದಿ ಮಾಡ್ತೀಯೋ ಇಲ್ಲೋ?"

"ಎಲ್ಲಿ ನಿದ್ದಿ ಅಕ್ಕಾ. ಲೈಟ್ ಆರಸೂದಽ ಇಲ್ಲ." ಅವನು ದನಿ ತಗ್ಗಿಸಿದ. "ನೀ ಬರೂಕಿಂತ ಮೊದಲ ಮೈಮ್ಯಾಲಿನ ಅರಬಿ ಎಲ್ಲಾ ಬಿಚ್ಚಸ್ತಾರ. ಕುಕ್ಕರಗಾಲಿಲೆ ಕೂಡಸ್ತಾರ. ಕೆಮ್ಮು ಅಂತಾರ. ನೀ ಹೋದ ಮ್ಯಾಲೆ ಮತ್ತೊಮ್ಮೆ. ಪಿಂಜಾರರ ಹುಡುಗಗ ಕೆಮ್ಮಾಕ ಕಲಸ್ತಾರ ನೋಡು. ನಮ್ಮಜ್ಜ ಕೇಳಿದ್ರ ಬಿದ್ದುಬಿದ್ದು ನಗತಿದ್ದ."

ಅವನು ನಗಲು ಹೋದ. ಆಗಲಿಲ್ಲ.

"ಹಂಗಾರ ಇನ್ನ ನಾ ಬರೂದಿಲ್ಲೋ."

"ಬಾ. ನೀ ಬರದಿದ್ರೂ ಬಿಚ್ಚಸ್ತಾರ." ಮೌಲಾ ಮೇಜಿನ ಅಂಚನ್ನು ಉಗುರಿನಿಂದ ಗೀರುತ್ತಿದ್ದ. "ಅಕ್ಕಾ, ಒಂದ ಕಾಗದ ತೋರಸ್ಯಾರ. ಬೇಕಂತನ ಬಚ್ಚಿಟ್ಟಿದ್ದೆ, ನಾನಾಗೇ ಊರಿಗೆ ಹೋಗ್ತೀನಿ ಅಂತ ಸಹಿ ಮಾಡಿದ್ರ ಮುಂದಿನ ವಿಮಾನಕ್ಕ ಕಳಸ್ತಾರಂತ. ನಾ ಮಾಡೂದಿಲ್ಲ. ಬಚ್ಚಿಟ್ಟಿಲ್ಲ ನಾ. ಆಯಿ ಉಣ್ಣಾಕ ಇಟ್ಟದ್ದು. ಸಹಿ ಮಾಡಿದ್ರ ಆಯಿನ್ನೂ ಕಳ್ಳಿ ಮಾಡಿಧಂಗ."

"ಮಾಡಬ್ಯಾಡ."

"ಕೌದಿ ಹೊಟ್ಟಿ ಸೀಳಿಸಿಕೊಂಡು ಅವರ ಕಡೆ ಬಿದ್ದೈತಿ. ನನ್ನ ಬಿಡೂದು ಬಿಡದಿರೂದು ಅವರ ಕೈಯಾಗೈತಿ. ಅದರ ಹೊಟ್ಟಿ ತುಂಬೂದು ನಿನ್ನ ಕೈಯಾಗೈತಿ. ತುಂಬಿ ಹೊಲಿ. ಆಯಿಗೆ ಮಾತು ಕೊಟ್ಟೀನಿ."

ದಾವಲಬಿ ಹೂಂ ಅಂದಳು. ಆ ಮನೆಯಲ್ಲಿ ಹೂಂ ಅಂದರೆ ಮುಗಿಯಿತು.

ಯಾರಾದರೂ ದೊಡ್ಡವರು ಒಂದು ಪತ್ರ ಬರೆದುಕೊಡಲಿ ಎಂದಳು ವಕೀಲಳು. ಇದು ನಮ್ಮ ಸೀಮೆಯ ಪದ್ಧತಿ, ಭಯದ ಸಂಗತಿಯಲ್ಲ ಎಂದು ನಾಲ್ಕು ಸಾಲು. ದಾವಲಬಿ ಎರಡು ಬಸ್ಸು ಬದಲಿಸಿ ಫ್ಲ್ಯಾಟ್ ಬುಷ್‌ಗೆ ಹೋದಳು. ಅಲ್ಲಿ ಗುರುರಾಜ್ ಅಂಕಲ್ಲಿನ ಹೊಸ ಮನೆ. ಬೆಂಗಳೂರಿನವರು, ಸಾಫ್ಟ್‌ವೇರಿನವರು, ಕನ್ನಡ ಸಂಘದ ಅಧ್ಯಕ್ಷರು. ಹೆಂಡತಿ ವಸುಂಧರಾ ಆಂಟಿ ಸಂಘದ ಸಾಂಸ್ಕೃತಿಕ ಕಾರ್ಯದರ್ಶಿ. ಕಾಫಿ ಕೊಟ್ಟರು. ಕಾಗದದ ಲೋಟದಲ್ಲಿ.

"ನೋಡಮ್ಮ, ನಮಗೂ ತುಂಬಾ ಬೇಜಾರಾಯ್ತು" ಅಂದರು ಅಂಕಲ್. "ಆದ್ರೆ ಸಂಘದ ಲೆಟರ್‌ಹೆಡ್ಡಲ್ಲಿ ಕೊಡೋಕೆ ಕಮಿಟಿ ಒಪ್ಬೇಕು. ಅರ್ಧಕ್ಕರ್ಧ ಜನದ್ದು ಸಿಟಿಜನ್‌ಶಿಪ್ ಪೆಂಡಿಂಗ್ ಇದೆ. ಸುಮ್ನೆ ಯಾಕೆ ರಿಸ್ಕು?"

"ನಾಲ್ಕು ಸಾಲು ಅಂಕಲ್. ಕೌದಿ ಹೊಟ್ಟಿಗೆ ಕಾಳು ಹಾಕ್ತಾರ ಅಂತ, ಅಷ್ಟ."

"ಕೌದಿ ಹೊಟ್ಟೆನಾ?" ಆಂಟಿ ಮುಖ ಸಿಂಡರಿಸಿದರು. "ಅಯ್ಯೋ, ನಮ್ ಕಡೆ ಅದೆಲ್ಲ ಇಲ್ಲಪ್ಪ. ಅದು ನಿಮ್… ನಿಮ್ಮೋರಲ್ಲಿ ಇರ್ಬೇಕು. ಕೌದಿ ಅಂದ್ರೆ ಏನು ಅಂತಾನೇ ನಮಗೆ ಸರಿಯಾಗಿ ಗೊತ್ತಿಲ್ಲ ನೋಡು."

ಸೋಫಾದಲ್ಲಿ ಕಾಲು ಚಾಚಿ ಟೀವಿ ನೋಡುತ್ತಿದ್ದ ಅವರ ಮಗಳು ಲಾಸ್ಯಾ ತಲೆ ಎತ್ತಿದಳು. "ಮಮ್, ಸ್ಟೇಜ್ ಮೇಲೆ ಹ್ಯಾಂಗ್ ಮಾಡಿದ್ವಲ್ಲ, ದಟ್ಸ್ ಎ ಕೌದಿ, ರೈಟ್?"

ಹೌದು. ಹೋದ ನವೆಂಬರ್ ರಾಜ್ಯೋತ್ಸವಕ್ಕೆ ದಾವಲಬಿಯ ಹಳೇ ಕೌದಿಯನ್ನೇ ಆಂಟಿ ಕೇಳಿ ಇಸಿದುಕೊಂಡು ಹೋಗಿ ವೇದಿಕೆಯ ಹಿಂದೆ ಕಟ್ಟಿದ್ದರು. ನಮ್ಮ ಜನಪದ ಸಂಪತ್ತು ಎಂದು ಬೋರ್ಡು ಬರೆಸಿದ್ದರು. ಅದರ ಮುಂದೆ ನಿಂತು ರೇಷ್ಮೆ ಸೀರೆಯಲ್ಲಿ ಫೋಟೋ ಹೊಡೆಸಿಕೊಂಡಿದ್ದರು. ಆ ಫೋಟೋ ಈಗಲೂ ಅಲ್ಲೇ, ಟೀವಿಯ ಮೇಲೆ, ಚೌಕಟ್ಟಿನಲ್ಲಿತ್ತು.

"ಆ ಕೌದಿ ಹೊಟ್ಟ್ಯಾಗೂ ಜ್ವಾಳ ಐತಿ ಆಂಟಿ" ಅಂದಳು ದಾವಲಬಿ. "ತೊಂಬತ್ತೊಂಬತ್ತರಾಗ ಅದಽ ವಿಮಾನ ನಿಲ್ದಾಣದಿಂದ ತಂದೀನಿ. ನೀವು ಬೆನ್ನು ಹಚ್ಚಿ ನಿಂತೀರಲ್ಲ, ಸರಿಯಾಗಿ ಆ ಜಾಗಾನ ಹೊಟ್ಟಿ."

ಆಂಟಿಯ ಕೈ ತಾನಾಗೇ ಬೆನ್ನಿಗೆ ಹೋಯಿತು. ದಾವಲಬಿ ಕಾಫಿ ಕುಡಿಯದೆ ಎದ್ದಳು.

ಪತ್ರ ಕೊಟ್ಟವನು ಚನ್ನಬಸಪ್ಪ ಕಾಕಾ. ಪಾಪಟೋಟೊಯಿಯಲ್ಲಿ ಅವಳ ಮನೆಯ ಎರಡು ಬೀದಿ ಆಚೆ ಇದ್ದ. ರೋಣದ ಕಡೆಯವನು, ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು. ಸಂಘಕ್ಕೆ ಹೋದವನಲ್ಲ, ಲೆಟರ್‌ಹೆಡ್ಡು ಇದ್ದವನೂ ಅಲ್ಲ. ಗೆರೆ ಇದ್ದ ಹಾಳೆಯ ಮೇಲೆ ಗ್ರೀಸು ಬೆರಳಿನಿಂದ ಬರೆದ.

"ನಮ್ಮವ್ವನೂ ಇಡತಿದ್ಲಲ್ಲ ಯವ್ವಾ. ನಾವು ಲಿಂಗ ಕಟ್ಟಿದವರು, ನೀವು ನಮಾಜ್ ಮಾಡವರು. ಕೌದಿ ಹೊಟ್ಟಿಗೇನು ಜಾತಿ ಗೊತ್ತಾಗತೈತಿ? ಬರೀತೀನಿ ತಗೋ. ನನ್ನೂ ಒಳಗ ಹಾಕ್ತಾರಾ? ಹಾಕ್ಲಿ. ಡಿಪೋದಾಗಿನ ಥಂಡಿಕಿಂತ ಅಲ್ಲೇ ಬೆಚ್ಚಗಿರಬೇಕು."

ಪತ್ರ ಫೈಲಿಗೆ ಹೋಯಿತು. ಫೈಲು ಎಲ್ಲಿಗೋ ಹೋಯಿತು.

ಚಳಿಗಾಲ ಬಂತು. ಜುಲೈ ತಿಂಗಳ ಒಂದು ಬೆಳಗ್ಗೆ, ಹನ್ನೊಂದು ಗಂಟೆ. ದಾವಲಬಿ ಹೋಟೆಲಿನ ಎರಡನೇ ಮಹಡಿಯಲ್ಲಿ ಒಂದು ರೂಮು ಮಾಡುತ್ತಿದ್ದಳು. ಒದ್ದೆ ಟವೆಲ್ಲು ಎತ್ತಿದಳು. ಮಂಡಿಯೂರಿ ಸ್ನಾನದ ಮನೆಯ ಕೂದಲು ಹೆಕ್ಕಿದಳು. ಹಾಸಿಗೆಯ ಬಿಳಿ ರಜಾಯಿಗೆ ಗೌಸು ಹಾಕುತ್ತಿದ್ದಾಗ ಬಾಗಿಲು ತೆರೆಯಿತು. ಬಂದವನು ವೆಲಿಂಗ್ಟನ್ ಸಾಹೇಬ. ಅವನ ರೂಮು ಅದು. ಮೇಜಿನಾಚೆ ಮೂರು ಸಲ ಅವಳನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿದವನು, ಏಪ್ರನ್ನು ಹಾಕಿದ್ದಕ್ಕೆ ಗುರುತು ಹಿಡಿಯಲಿಲ್ಲ.

"ಇನ್ನೊಂದು ರಜಾಯಿ ಬೇಕು, ಡಾರ್ಲಿಂಗ್. ಚಳಿ ತಡೆಯೋಕಾಗಲ್ಲ" ಅಂದ. ಆಮೇಲೆ ಎದೆಯ ಮೇಲಿನ ಹೆಸರಿನ ಪಟ್ಟಿ ನೋಡಿದ, ಮುಖ ನೋಡಿದ. "ಓ. ನೀನಾ."

ದಾವಲಬಿ ರಜಾಯಿಯ ಮೂಲೆಯನ್ನು ಗೌಸಿನೊಳಗೆ ತೂರಿಸಿದಳು.

"ನೋಡು, ಇದು ಅಧಿಕೃತ ಅಲ್ಲ. ನಿನ್ನ ಒಳ್ಳೆಯದಕ್ಕೆ ಹೇಳ್ತೀನಿ." ಅವನು ಕೋಟು ಬಿಚ್ಚಿ ಅವಳು ಆಗತಾನೇ ಹಾಸಿದ ಹಾಳೆಯ ಮೇಲೆ ಎಸೆದ. "ನಿನ್ನ ತಮ್ಮನಿಗೆ ಸಹಿ ಮಾಡೋಕೆ ಹೇಳು. ಶುಕ್ರವಾರ ವಿಮಾನದಲ್ಲಿರ್ತಾನೆ. ಎಲ್ಲರಿಗೂ ನೆಮ್ಮದಿ."

"ಕೌದಿ?"

"ಏನು?"

"ನಮ್ಮ ಕೌದಿ ಎಲ್ಲಿದೆ?"

"ಓ, ಆ ಚಿಂದಿ. ಅದನ್ನು ಸುಟ್ಟುಹಾಕ್ತಾರೆ. ಅದಕ್ಕೂ ಒಂದು ಸಹಿ ಬೇಕು, ನಿನ್ನದೇ ಆಗುತ್ತೆ. ಒಪ್ಪಿಗೆ ಇದ್ದರೆ ಕೆಲಸ ಚೊಕ್ಕ."

ದಾವಲಬಿಯ ಕೈಯಲ್ಲಿ ಅರ್ಧ ಗೌಸು ಹಾಕಿದ ರಜಾಯಿ ಇತ್ತು. ಎರಡು ವರ್ಷ. ದಿನಕ್ಕೆ ಹದಿನಾರು. ಎಷ್ಟು ಜನರ ಬೆವರು, ಎಷ್ಟು ಜನರ ವಾಂತಿ, ಎಷ್ಟು ಜನರ ರಕ್ತ ಅವಳ ಕೈ ದಾಟಿ ಹೋಗಿದೆ. ಒಂದನ್ನೂ ಅವಳು ಚಿಂದಿ ಅಂದಿರಲಿಲ್ಲ.

ಅವಳು ಕೈ ಬಿಟ್ಟಳು. ರಜಾಯಿ ನೆಲಕ್ಕೆ ಬಿತ್ತು.

"ಅವನು ಸಹಿ ಮಾಡೂದಿಲ್ಲ. ನಾನೂ ಮಾಡೂದಿಲ್ಲ" ಎಂದು ಮೊದಲು ಕನ್ನಡದಲ್ಲೇ ಹೇಳಿದಳು. ಆಮೇಲೆ ಅವನಿಗೆ ತಿಳಿಯುವ ಭಾಷೆಯಲ್ಲಿ ಹೇಳಿದಳು. "ನಿನ್ನ ಹಾಸಿಗೆ ನೀನೇ ಹಾಸ್ಕೋ. ಹಾಸೋಕೆ ಬರದಿದ್ದರೆ ನೆಲದ ಮೇಲೆ ಬಿದ್ಕೋ. ನನ್ನ ತಮ್ಮ ನಾಲ್ಕು ತಿಂಗಳಿಂದ ನಿದ್ದೆ ಮಾಡಿಲ್ಲ. ನೀನೂ ಒಂದು ದಿನ ಮಾಡಬೇಡ."

ಸಾಹೇಬ ಅಭ್ಯಾಸಬಲದಿಂದ "ಮ್‌ಹೂಂ" ಅಂದ.

"ಹಂಗ ಅನ್ನಬ್ಯಾಡ" ಅಂದಳು ದಾವಲಬಿ. "ಆ ಮಾತಿಗೆ ಒಂದು ಮರ್ಯಾದಿ ಐತಿ."

ಏಪ್ರನ್ನು ಬಿಚ್ಚಿ ಟ್ರಾಲಿಯ ಮೇಲಿಟ್ಟು ಹೋದಳು. ಸೋಮವಾರದಿಂದ ಬರಬೇಡ ಎಂದು ಸೂಪರ್‌ವೈಸರಿನ ಫೋನು ಬಂತು. ಅವಳು ಆಗಲೇ ಬಿಟ್ಟಿದ್ದಳಲ್ಲ.

ಕೆಲಸ ಹೋಯಿತು, ಪುರಸೊತ್ತು ಬಂತು. ಪ್ರತಿದಿನ ಕೌದಿ ಹಿಡಿದಿಟ್ಟ ಇಲಾಖೆಯ ಕಿಟಕಿಯ ಮುಂದೆ ಹೋಗಿ ನಿಂತಳು. ಕೌದಿ ಕೊಡಿ. ಸುಡಲು ಒಪ್ಪಿಗೆಯ ಫಾರಂ ಚಾಚಿದರು. ಅವಳು ಅದನ್ನು ಹಿಂದಕ್ಕೆ ತಳ್ಳಿದಳು. ಮರುದಿನ ಮತ್ತೆ ಕೌದಿ ಕೊಡಿ. ಮತ್ತೆ ಅದೇ ಫಾರಂ. ಹತ್ತನೇ ದಿನ ಚನ್ನಬಸಪ್ಪ ಕಾಕಾ ಡಿಪೋದ ಅಂಗಿಯಲ್ಲೇ ಜೊತೆಗೆ ಬಂದ. ಕಿಟಕಿಯಾಚೆಯ ಹುಡುಗಿಗೆ ಅವರದೇ ನಿಯಮದ ಪುಸ್ತಕ ತೋರಿಸಿದ. ಕಾಯಿಸಿ ಶುದ್ಧ ಮಾಡಿದ ವಸ್ತುವನ್ನು ಮಾಲೀಕ ಕೇಳಿದರೆ ಕೊಡಬೇಕು ಎಂದು ಅದರಲ್ಲೇ ಇತ್ತು. ಮಾಲೀಕನ ರುಜು ಬೇಕು ಅಂದರು. ಜೈಲಿನಿಂದ ರುಜು ಬರಲು ಮೂರು ವಾರ. ಆ ರುಜುವನ್ನು ಮೌಲಾ ಖುಷಿಯಿಂದ ಹಾಕಿದ.

ಆಗಸ್ಟ್ ಕೊನೆಗೆ ಕೌದಿ ಬಂತು. ಹಳದಿ ಪ್ಲಾಸ್ಟಿಕ್ ಚೀಲ, ಮೇಲೆ ಅಪಾಯ ಎಂಬ ಚೀಟಿ. ಬೇಯಿಸಿಬಿಟ್ಟಿದ್ದರು. ಆಯಿಯ ಹಸಿರು ಸೀರೆಯ ಬಣ್ಣ ಅಜ್ಜನ ಧೋತರಕ್ಕೆ ಇಳಿದಿತ್ತು. ಪದರ ಪದರ ಬಿಚ್ಚಿ ನೋಡಿದ್ದರು. ನಡುವೆ ಹೊಟ್ಟೆ ಬಾಯಿ ಬಿಟ್ಟುಕೊಂಡಿತ್ತು.

ದಾವಲಬಿ ಪಾಪಟೋಟೊಯಿಯ ಅಂಗಡಿ ಬೀದಿಗೆ ಹೋದಳು. ನಾಲ್ಕನೇ ಅಂಗಡಿಯಲ್ಲಿ ಜೋಳದ ಹಿಟ್ಟಿನ ಪೊಟ್ಟಣಗಳ ಗುಡ್ಡೆಯೇ ಇತ್ತು. ಬಿಳಿ ಪುಡಿ. ಭಾರತದಿಂದ ಬಂದದ್ದು. ರಾಜನದೇ ಮುದ್ರೆ ಒತ್ತಿ ಒಳಗೆ ಬಿಟ್ಟದ್ದು. ಆ ಪೊಟ್ಟಣಕ್ಕೆ ಗಡ್ಡ ಇರಲಿಲ್ಲ. ಅದೊಂದೇ ವ್ಯತ್ಯಾಸ.

ಮರುದಿನ ಬುಧವಾರ, ಏಳು ದಿನದ ಮುದ್ರೆ ಒತ್ತುವ ದಿನ. ಕೋರ್ಟಿನ ಬಾಗಿಲಲ್ಲಿ ಅವಳ ದಬ್ಬಣ ನೋಡಿ ತಡೆದರು. ಚೂಪಾದ ಆಯುಧ, ಒಳಗೆ ಬಿಡುವಂತಿಲ್ಲ.

"ಬ್ಯಾಡ ಬಿಡ್ರಿ" ಎಂದು ದಾವಲಬಿ ಅಲ್ಲೇ ಹೊರಗೆ ಮೆಟ್ಟಿಲ ಮೇಲೆ ಕೂತಳು. ಕೌದಿ ಹರವಿದಳು. ಚನ್ನಬಸಪ್ಪ ಕಾಕಾ ಇನ್ನೊಂದು ತುದಿ ಎಳೆದು ಹಿಡಿದ. ಕರಿ ಕೋಟಿನವರು ದಾಟಿಕೊಂಡು ಹೋದರು. ಅವಳು ಪದರಗಳನ್ನು ಕೂಡಿಸಿ ಹೊಲಿದಳು. ಚಳಿಗೆ ಬೆರಳು ಮರಗಟ್ಟಿದವು. ದಬ್ಬಣ ಎರಡು ಸಲ ಚುಚ್ಚಿತು. ರಕ್ತ ಒರೆಸಿಕೊಂಡು ಮತ್ತೆ ಹೊಲಿದಳು. ಹೊಟ್ಟೆಯ ತನಕ ಬಂದಳು. ಬೆಳಗ್ಗೆ ತಾನೇ ಬಡಿದ ರೊಟ್ಟಿಯ ಚೂರನ್ನು ಡಬ್ಬಿಯಿಂದ ತೆಗೆದಳು. ಜೋಳದ ಕಾಳು ಈ ರಾಜ್ಯದಲ್ಲಿ ಸಿಕ್ಕುವುದಿಲ್ಲ. ಹಿಟ್ಟೇ ಒಂದು ಹಿಡಿ ಹಾಕಿದಳು.

ಬಾಗಿಲ ಕಾವಲಿನವನು ಬಂದು ಬಗ್ಗಿ ನೋಡಿದ. "ಒಳಗೇನು ಹಾಕ್ತಿದ್ದೀಯ?"

"ಊಟ."

"ಯಾರಿಗೆ?"

"ಇದಕ್ಕೆ."

ಅವನು ಹೆಗಲ ಮೇಲಿನ ರೇಡಿಯೋಗೆ ಹೇಳಿದ. "ಇಲ್ಲೊಬ್ಬಳು ಹೆಂಗಸು ಹೊದಿಕೆಗೆ ಊಟ ಹಾಕ್ತಿದ್ದಾಳೆ." ಇನ್ನೊಮ್ಮೆ ಹೇಳು ಅಂತು ರೇಡಿಯೋ. ದಾವಲಬಿ ಉಳಿದ ರೊಟ್ಟಿಯನ್ನು ಅವನತ್ತ ಚಾಚಿದಳು. ಅವನು ಎರಡು ಹೆಜ್ಜೆ ಹಿಂದೆ ಸರಿದ. ಆರಡಿ ಆಳು, ಸೊಂಟದಲ್ಲಿ ಲಾಠಿ, ರೊಟ್ಟಿಗೆ ಹೆದರಿದ. ಆ ರೊಟ್ಟಿಯನ್ನು ಕಾಕಾ ತಿಂದ.

ವಕೀಲಳು ಹೊರಗೆ ಬಂದಳು. ತಲೆ ಅಲ್ಲಾಡಿಸಿದಳು. ಇನ್ನೂ ಏಳು ದಿನ.

ದಾವಲಬಿ ತಲೆ ಎತ್ತಲಿಲ್ಲ. ತೇಪೆಯ ಮೂರು ಅಂಚು ಮುಗಿದಿದ್ದವು. ನಾಲ್ಕನೆಯದು ಉಳಿದಿತ್ತು. ಹಿತ್ತಲ ಗೇಟು ತೆರೆದ ಸದ್ದಾಯಿತು. ಜೈಲಿನ ವ್ಯಾನು ಕಪ್ಪು ಗಾಜು ಮುಚ್ಚಿಕೊಂಡು ರಸ್ತೆಗೆ ಬಂತು. ದೀಪ ಕೆಂಪಾಯಿತು. ಮೆಟ್ಟಿಲ ಎದುರಿಗೇ ನಿಂತಿತು.

ದಾವಲಬಿ ಎದ್ದಳು. ದಬ್ಬಣ ಇನ್ನೂ ಕೌದಿಯಲ್ಲೇ ನೇತಾಡುತ್ತಿತ್ತು. ಕಾಕಾ ಒಂದು ಕಡೆ, ಅವಳು ಒಂದು ಕಡೆ, ಕೌದಿಯನ್ನು ಎತ್ತಿ ಹಿಡಿದರು.

"ಮೌಲಾ!" ಇಡೀ ಬೀದಿ ತಿರುಗಿ ನೋಡುವಂತೆ ಕೂಗಿದಳು. "ಹೊಟ್ಟಿ ತುಂಬೇನಿ ನೋಡೋ! ಬಾಯಿ ಮುಚ್ಚಾಕತ್ತೀನಿ! ಕೇಳಸ್ತೇನೋ?"

ಕಪ್ಪು ಗಾಜು. ಒಳಗೆ ಯಾರಿದ್ದಾರೋ ಕಾಣುವುದಿಲ್ಲ. ಎಂಜಿನ್ನು ಗುರುಗುಟ್ಟುತ್ತಿತ್ತು.

ತಗಡಿನ ಗೋಡೆಯ ಒಳಗಿನಿಂದ, ಗಂಟಲು ಹರಿದು, ಉದ್ದಕ್ಕೆ ಬಂತು.

"ಹೂಂ…"

ದೀಪ ಹಸಿರಾಯಿತು. ವ್ಯಾನು ಹೋಯಿತು. ದಾವಲಬಿ ಮತ್ತೆ ಮೆಟ್ಟಿಲ ಮೇಲೆ ಕೂತಳು. ನಾಲ್ಕನೇ ಅಂಚನ್ನು ಸಣ್ಣ ಸಣ್ಣ ಹೊಲಿಗೆಯಲ್ಲಿ ಕೊನೆ ಮುಟ್ಟಿಸಿದಳು. ಗಂಟು ಹಾಕಿದಳು. ಬಗ್ಗಿ, ಹಲ್ಲಿನಿಂದ ದಾರ ಕಡಿದಳು.